ಪಳಗಿದ ಕೈ

ಕುರ್ಚಿಯನ್ನು ಬಾಗಿಲ ಹೊರಗೆ ಹಾಕಿದ್ದರು. ಅದರ ಮೇಲೆ ಹಳೇ ಪೇಪರ್ ಹಾಸಿದ್ದರು. ತಾನು ಎದ್ದು ಹೋದ ಮೇಲೆ ಆ ಪೇಪರನ್ನು ಕಡ್ಡಿಯಲ್ಲಿ ಎತ್ತಿ ಬಿಸಾಡುತ್ತಾರೆ, ಕುರ್ಚಿಯನ್ನು ಫಿನಾಯಿಲ್ ಹಾಕಿ ಒರೆಸುತ್ತಾರೆ ಅನ್ನುವುದು ಇಕ್ಕಳದಕ್ಕನಿಗೆ ನೋಡಿದ ತಕ್ಷಣ ಗೊತ್ತಾಯಿತು. ಅವಳು ಕೂರಲಿಲ್ಲ.

"ಕೂತ್ಕೊಳಮ್ಮ, ಕೂತ್ಕೋ," ಅಂದ ಮ್ಯಾನೇಜರ್ ಒಳಗಿನಿಂದ. ಮಾತು ಬೆಣ್ಣೆ. ಮೂಗಿನ ಮೇಲೆ ಮಾತ್ರ ಕರವಸ್ತ್ರ.

"ನಿಂತೇ ಇರ್ತೀನಿ ಸಾರ್. ಹನ್ನೊಂದು ವರ್ಷ ನಿಂತೇ ಕೆಲಸ ಮಾಡಿದ್ದು. ಆಗ ಯಾರೂ ಕುರ್ಚಿ ಕೊಟ್ಟಿರ್ಲಿಲ್ಲ."

ಮ್ಯಾನೇಜರ್ ಪಕ್ಕದಲ್ಲಿ ಮೇಸ್ತ್ರಿ ನಿಂತಿದ್ದ. ಅವನು ಒಂದು ಕಾಗದವನ್ನು ಸ್ಟೂಲಿನ ಮೇಲಿಟ್ಟು, ಸ್ಟೂಲನ್ನು ಕಾಲಿನಿಂದ ಹೊಸ್ತಿಲವರೆಗೆ ತಳ್ಳಿದ. ಆಮೇಲೆ ಇಂಕ್ ಪ್ಯಾಡನ್ನು ಸ್ಟೂಲಿನ ಮೇಲೆ ಹಾಕಿ, ಅದನ್ನು ಉದ್ದನೆಯ ಸ್ಕೇಲಿನಿಂದ ಅವಳ ಕಡೆಗೆ ದೂಡಿದ. ನಾಯಿಗೆ ಅನ್ನ ಹಾಕುವವರಾದರೂ ಕೈಯಿಂದ ಹಾಕುತ್ತಾರೆ.

"ಒತ್ತು," ಅಂದ.

"ಏನು ಬರ್ದಿದೆ ಅದ್ರಲ್ಲಿ?"

"ನಿನ್ನ ಒಳ್ಳೇದೇ ಬರ್ದಿದೆ. ಒತ್ತು ಅಂದ್ರೆ ಒತ್ತು."

"ನನ್ನ ಒಳ್ಳೇದನ್ನ ನಾನೂ ಒಂದ್ಸಲ ಕೇಳ್ತೀನಿ. ಓದಿ."

ಮೇಸ್ತ್ರಿ ಮ್ಯಾನೇಜರ್ ಮುಖ ನೋಡಿದ. ಮ್ಯಾನೇಜರ್ ಕಣ್ಣಿನಲ್ಲೇ ಓದು ಅಂದ. ಅವನು ದೂರದಿಂದಲೇ ಬಗ್ಗಿ, ಕುತ್ತಿಗೆ ಚಾಚಿ ಓದಿದ. ಕೆಲಸಕ್ಕೆ ಸೇರುವಾಗ ನನಗೆ ಕುಷ್ಠ ಇದ್ದದ್ದನ್ನು ನಾನು ಮುಚ್ಚಿಟ್ಟಿದ್ದೆ. ಕಂಪನಿ ಕೊಟ್ಟ ಕೈಗವಸನ್ನು ಹಾಕಿಕೊಳ್ಳದೆ, ನನ್ನದೇ ಅಜಾಗರೂಕತೆಯಿಂದ ಕೈ ಸುಟ್ಟುಕೊಂಡಿದ್ದೇನೆ. ಇದಕ್ಕೆ ಕಂಪನಿಯಾಗಲಿ, ಕಂಪನಿಯ ಯಾವ ಸಿಬ್ಬಂದಿಯಾಗಲಿ ಹೊಣೆಯಲ್ಲ.

ಇಷ್ಟೇ. ಇದಕ್ಕೆ ಹೆಬ್ಬೆಟ್ಟು ಒತ್ತಿದರೆ ಅವಳಿಗೆ ಹಿಂಬಾಗಿಲಲ್ಲಿ ಕೆಲಸ. ವಾರ್ಡುಗಳಿಂದ ಬರುವ ಹೇಲು, ಉಚ್ಚೆ, ರಕ್ತ ಮೆತ್ತಿದ ಚಾದರಗಳನ್ನು ಯಾರ ಕಣ್ಣಿಗೂ ಬೀಳದೆ ಬೇರ್ಪಡಿಸುವ ಕೆಲಸ. ಅವಳ ನಾದಿನಿಯ ಕೆಲಸವೂ ಉಳಿಯುತ್ತದೆ. ಒತ್ತದಿದ್ದರೆ ಇಬ್ಬರೂ ಮನೆಗೆ. ಇದನ್ನು ಕಾಗದದಲ್ಲಿ ಬರೆದಿರಲಿಲ್ಲ. ಹಿಂದಿನ ವಾರ ಮೇಸ್ತ್ರಿ ನಾದಿನಿಯ ಕೈಲಿ ಹೇಳಿ ಕಳಿಸಿದ್ದ.

ಆ ಬೆಳಿಗ್ಗೆ ಗೇಟಿನ ಹತ್ತಿರ ನಾದಿನಿ ಕಾದಿದ್ದಳು. ಎರಡೂ ಕೈಯನ್ನು ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡು, ಮೂರು ಮಾರು ದೂರ ನಿಂತು, "ಒತ್ತಿಬಿಡು ಅತ್ತಿಗೆ, ನಿನ್ನ ಕಾಲಿಗೆ ಬೀಳ್ತೀನಿ. ಹೋಗಿದ್ದು ಹೋಯ್ತು. ನನ್ನ ಕೆಲಸಾನಾದ್ರೂ ಉಳೀಲಿ," ಅಂದಿದ್ದಳು. ಕಾಲಿಗೆ ಬೀಳುತ್ತೇನೆ ಅಂದವಳು ಒಂದು ಹೆಜ್ಜೆಯೂ ಹತ್ತಿರ ಬಂದಿರಲಿಲ್ಲ.

ಅದು ಏಳು ಮಹಡಿಯ ಆಸ್ಪತ್ರೆ. ಆ ಏಳೂ ಮಹಡಿಯ ಹಾಸಿಗೆ ಬಟ್ಟೆ ಒಗೆದು, ಹಿಂಡಿ, ಇಸ್ತ್ರಿಯಾಗಿ ಹೋಗುವುದು ನೆಲಮಾಳಿಗೆಯ ಲಾಂಡ್ರಿಯಿಂದ. ಲಾಂಡ್ರಿ ಆಸ್ಪತ್ರೆಯದಲ್ಲ, ಗುತ್ತಿಗೆ ಹಿಡಿದ ಕಂಪನಿಯದು. ಹನ್ನೆರಡು ಜನ ಹೆಂಗಸರು, ಒಬ್ಬ ಮೇಸ್ತ್ರಿ, ಕಿಟಕಿ ಒಂದೂ ಇಲ್ಲ. ನಡುಮಧ್ಯೆ ಆಳೆತ್ತರದ ಇಸ್ತ್ರಿ ರೋಲರ್. ಮುಂದುಗಡೆ ಇಬ್ಬರು ನಿಂತು ಒದ್ದೆ ಚಾದರದ ಅಂಚನ್ನು ಒಳಗೆ ತೂರಿಸಬೇಕು. ಹಿಂದುಗಡೆ ಒಬ್ಬಳು ನಿಂತು, ಹಬೆಯಾಡುತ್ತ ಹೊರಬರುವ ಅಂಚನ್ನು ರೋಲರಿನಿಂದ ಬಿಡಿಸಿ ಎಳೆಯಬೇಕು. ಕಣ್ಣು ಮಿಟುಕಿಸುವಷ್ಟರಲ್ಲಿ ಬಿಡಿಸದಿದ್ದರೆ ಚಾದರ ರೋಲರಿಗೇ ಸುತ್ತಿಕೊಂಡು ಯಂತ್ರ ನಿಲ್ಲುತ್ತದೆ, ಮೇಸ್ತ್ರಿಯ ಬಾಯಿ ಶುರುವಾಗುತ್ತದೆ.

ಕೈಗವಸು ಇರಲಿಲ್ಲವೆ? ಇತ್ತಲ್ಲ! ಗೋಡೆಯ ಮೊಳೆಗೆ ಒಂದು ಜೊತೆ ನೇತುಹಾಕಿದ್ದರು. ಹನ್ನೆರಡು ಜನಕ್ಕೆ ಒಂದು ಜೊತೆ. ತಪಾಸಣೆಯವರು ಬಂದಾಗ ಹಿಂದೆ ನಿಂತವಳು ಅದನ್ನು ಹಾಕಿಕೊಳ್ಳಬೇಕು, ಹೋದ ಮೇಲೆ ಬಿಚ್ಚಿ ಮೊಳೆಗೆ ಹಾಕಬೇಕು. ಕವಸು ಹಾಕಿದರೆ ಅಂಚು ಬೆರಳಿಗೆ ಸಿಗುವುದಿಲ್ಲ, ಕೆಲಸ ಅರ್ಧಕ್ಕರ್ಧ ನಿಧಾನ. "ಮದುವೆ ಹೆಣ್ಣೇನೇ ನೀನು, ಕೈ ಮುಚ್ಕೊಂಡು ನಿಂತ್ಕೊಳ್ಳಕ್ಕೆ?" ಅನ್ನುತ್ತಿದ್ದ ಮೇಸ್ತ್ರಿ.

ಹೀಗಾಗಿ ಎಲ್ಲರ ಕೈಯೂ ಸುಡುತ್ತಿತ್ತು. ಹೊಸದಾಗಿ ಬಂದವಳು ಬೆರಳು ಊದಿಕೊಂಡು ಅತ್ತರೆ, ಮಡಿಸುವ ಮೇಜಿನ ದೊಡ್ಡಮ್ಮ ಸಮಾಧಾನ ಹೇಳುತ್ತಿದ್ದಳು. ದೊಡ್ಡಮ್ಮ ಮೂವತ್ತು ವರ್ಷದಿಂದ ಇದೇ ಬಿಸಿಯಲ್ಲಿ ಬೆಂದವಳು. "ಅಳಬೇಡ್ವೇ. ಕೈ ಇನ್ನೂ ಪಳಗಿಲ್ಲ. ಪಳಗಿದ್ಮೇಲೆ ಸುಡೋದು ಗೊತ್ತೇ ಆಗಲ್ಲ." ದೊಡ್ಡಮ್ಮನಿಗೆ ಅವಳ ದೊಡ್ಡಮ್ಮಂದಿರು ಹೇಳಿಕೊಟ್ಟ ಮಾತು ಅದು. ಅಲ್ಲಿ ಎಲ್ಲರೂ ಅದನ್ನು ನಂಬಿದ್ದರು. ಕೈ ಯಾವತ್ತು ಪಳಗುತ್ತದೋ ಅಂತ ಕಾಯುತ್ತಿದ್ದರು.

ಇಕ್ಕಳದಕ್ಕನ ಕೈ ಐದನೇ ವರ್ಷ ಪಳಗಿತು. ಒಂದು ದಿನ ಚಾದರದ ಅಂಚಿನ ಬದಲು ರೋಲರನ್ನೇ ಹಿಡಿದಿದ್ದಳು. ಚುರ್ ಅಂದ ವಾಸನೆ ಬಂತು, ನೋವು ಬರಲಿಲ್ಲ. ಅವತ್ತು ಎಷ್ಟು ಹಿಗ್ಗಿದಳು! ಗಂಡ ಸತ್ತ ಮೇಲೆ ಅವಳೂ ನಾದಿನಿಯೂ ಒಂದೇ ಕೋಣೆಯಲ್ಲಿದ್ದರು. ಹೋಗುವಾಗ ಸಿಹಿ ಕಟ್ಟಿಸಿಕೊಂಡು ಹೋಗಿ, "ನನ್ನ ಕೈ ಪಳಗ್ತು ಕಣೇ ಪುಟ್ಟಿ," ಅಂತ ನಾದಿನಿಯ ಬಾಯಿಗೆ ತುರುಕಿದ್ದಳು. ನಾದಿನಿ ಆ ಕೈಯನ್ನು ಎತ್ತಿ ಕಣ್ಣಿಗೊತ್ತಿಕೊಂಡಿದ್ದಳು.

ಮೇಸ್ತ್ರಿ ಅವಳನ್ನು ರೋಲರಿನ ಹಿಂದಿನ ಜಾಗಕ್ಕೆ ಕಾಯಂ ಮಾಡಿದ. ಇದು ಕೈಯಲ್ಲ ಇಕ್ಕಳ ಅಂದ. ಅವತ್ತಿನಿಂದ ಅವಳ ಹೆಸರು ಹೋಗಿ ಇಕ್ಕಳದಕ್ಕ ಆಯಿತು. ಗುತ್ತಿಗೆ ನೋಡಲು ದೊಡ್ಡವರು ಯಾರಾದರೂ ಬಂದರೆ ಮೇಸ್ತ್ರಿ ಅವಳನ್ನು ಕರೆಯುತ್ತಿದ್ದ. "ಇಕ್ಕಳಾ, ಸಾಹೇಬ್ರಿಗೆ ತೋರ್ಸು." ಅವಳು ಅಂಗೈಯನ್ನು ರೋಲರಿಗೆ ಒತ್ತಿ ಹಿಡಿಯಬೇಕು. ಅವನು ಗಟ್ಟಿಯಾಗಿ ಒಂದರಿಂದ ಐದರವರೆಗೆ ಎಣಿಸುತ್ತಿದ್ದ. ಬಂದವರು ಚಪ್ಪಾಳೆ ತಟ್ಟುತ್ತಿದ್ದರು. ಇದೆಲ್ಲ ನೆನೆದರೆ ಈಗ ಅವಳ ಹೊಟ್ಟೆ ಉರಿಯುತ್ತದೆ. ಅವರು ತಟ್ಟಿದರೆಂದಲ್ಲ, ತಾನೂ ನಗುತ್ತಿದ್ದೆನಲ್ಲ ಎಂದು.

ಮೊಣಕೈ ಕೆಳಗೆ ಒಂದು ಮಾಸಲು ಮಚ್ಚೆ ಇತ್ತು. ವರ್ಷಕ್ಕೊಮ್ಮೆ ಕಂಪನಿ ಡಾಕ್ಟರು ಬರುತ್ತಿದ್ದ. ಬಾಗಿಲಲ್ಲೇ ನಿಂತು ಕೆಮ್ಮು ಇದೆಯಾ, ಜ್ವರ ಇದೆಯಾ ಅಂತ ಕೇಳಿ, ಹನ್ನೆರಡು ಜನದ ಆರೋಗ್ಯಕ್ಕೆ ಒಂದೇ ಸಹಿ ಹಾಕಿ ಹೋಗುತ್ತಿದ್ದ. ಮೂರು ವರ್ಷದ ಕೆಳಗೆ ಅವಳು ಆ ಮಚ್ಚೆ ತೋರಿಸಿದ್ದಳು. "ಇಲ್ಲಿ ಮುಟ್ಟಿದ್ರೆ ಗೊತ್ತಾಗಲ್ಲ ಸಾರ್. ಬೆವರೂ ಬರಲ್ಲ." ಅವನು ಬಾಗಿಲಿಂದಲೇ ನೋಡಿ, ಬಿಸಿಗೆ ಹಾಗಾಗುತ್ತೆ, ಎಣ್ಣೆ ಹಚ್ಚಿಕೋ ಅಂದ. ಪಕ್ಕದಲ್ಲಿದ್ದ ಮೇಸ್ತ್ರಿ, "ಅದೇನೂ ಮಾಡ್ಬೇಡಿ ಡಾಕ್ಟ್ರೇ, ಬಂಗಾರದಂಥ ಕೈ ಅದು," ಅಂತ ನಕ್ಕ. ಮುಟ್ಟಿದರೆ ಗೊತ್ತಾಗುವುದಿಲ್ಲ ಅಂದದ್ದು ಅವನ ಕಿವಿಗೂ ಬಿದ್ದಿತ್ತು. ಈ ಮಾತು ನೆನಪಿರಲಿ.

ಬೆರಳುಗಳ ಗೆರೆಯೆಲ್ಲ ಬೆಂದು ನುಣ್ಣಗಾದವು. ಹಾಜರಿ ಯಂತ್ರಕ್ಕೆ ಹೆಬ್ಬೆಟ್ಟು ಇಟ್ಟರೆ ಬಾಗಿಲು ತೆರೆಯದು. ಒಂದು ಸಲ, ಎರಡು ಸಲ, ಹತ್ತು ಸಲ. ಯಂತ್ರ ಕುಂಯ್ ಕುಂಯ್ ಅನ್ನುತ್ತಿತ್ತು, ಹಿಂದೆ ಸಾಲು ನಿಂತವರು ಗೊಣಗುತ್ತಿದ್ದರು. ಕೊನೆಗೆ ಮೇಸ್ತ್ರಿ ಬಂದು ತನ್ನ ಬೆರಳಿಟ್ಟು ಬಾಗಿಲು ತೆರೆದು, "ಇದೂ ಒಂದು ಬೆರಳಾ? ಯಂತ್ರಕ್ಕೂ ನಿನ್ನ ಕಂಡ್ರೆ ಆಗಲ್ಲ," ಅನ್ನುತ್ತಿದ್ದ. ಕೊನೆಯ ಒಂದು ವರ್ಷ ಅವಳು ದಿನಾ ಅವನ ಬೆರಳಿನಿಂದ ಒಳಗೆ ಹೋದವಳು.

ಆಮೇಲೆ ಆ ರಕ್ತದ ದಿನ ಬಂತು. ಮೂರನೇ ಮಹಡಿಯಿಂದ ಇಸ್ತ್ರಿಯಾದ ಚಾದರಗಳು ವಾಪಸ್ ಬಂದವು. ಒಂದೊಂದರ ಅಂಚಿಗೂ ರಕ್ತದ ಕಲೆ. ಮೇಸ್ತ್ರಿ ಕುಣಿದಾಡಿದ. ಇಕ್ಕಳದಕ್ಕನಿಗೂ ಕೋಪ ಬಂತು. ಹಿರಿಯಳಲ್ಲವೆ, ತಾನೇ ಮುಂದೆ ನಿಂತು ಒಬ್ಬೊಬ್ಬಳ ಕೈಯನ್ನೂ ತಿರುಗಿಸಿ ನೋಡಿದಳು. "ಯಾರೇ ಅದು ರಕ್ತ ಸುರಿಸ್ತಿರೋದು? ಕೈ ಕುಯ್ದುಕೊಂಡ್ರೆ ಗೊತ್ತಾಗಲ್ವೇನ್ರೇ? ಮೈಮೇಲೆ ಗ್ಯಾನ ಇಲ್ವಾ?" ಅಂತ ಬೈಯುತ್ತಾ ಹೋದಳು. ಕೊನೆಯವಳು ನಾದಿನಿ. ಅವಳು ಕೈ ಚಾಚದೆ ಅತ್ತಿಗೆಯ ಕೈಯನ್ನೇ ನೋಡುತ್ತ ನಿಂತುಬಿಟ್ಟಳು.

"ಅತ್ತಿಗೆ... ನಿನ್ನದು."

ಬಲಗೈಯ ಅಂಚಿನಲ್ಲಿ, ಕಿರುಬೆರಳ ಬುಡದಲ್ಲಿ, ಬಟಾಣಿ ಹಿಡಿಸುವಷ್ಟು ತೂತು. ಒಳಗೆ ಬಿಳಿಯದೇನೋ ಕಾಣುತ್ತಿತ್ತು. ತಿರುಗಿಸಿ ನೋಡಿದ ಹತ್ತು ಜನದ ಕೈಮೇಲೂ ಅವಳದೇ ರಕ್ತ ಮೆತ್ತಿತ್ತು. ಅಯ್ಯೋ ಅನ್ನಲಿಕ್ಕೂ ನೋವು ಬೇಕಲ್ಲ, ಅದೂ ಇರಲಿಲ್ಲ.

ಅವಳು ಏಳು ಮಹಡಿಯ ಕಟ್ಟಡದಲ್ಲಿ ನೆಲಮಾಳಿಗೆ ಬಿಟ್ಟು ಮೇಲೆ ಹತ್ತಿದ್ದು ಅದೇ ಮೊದಲು. ಗಾಯ ಕಟ್ಟುವ ಕೋಣೆಯಲ್ಲಿ ಒಬ್ಬ ಸಿಸ್ಟರ್ ಇದ್ದಳು. ನಡುವಯಸ್ಸಿನವಳು, ಮಾತು ಒರಟು. ಬರಿಗೈಯಲ್ಲಿ ಇಕ್ಕಳದಕ್ಕನ ಮೊಣಕೈ ಹಿಡಿದು, ಮೂಳೆಯ ಪಕ್ಕ ಬೆರಳಾಡಿಸಿ, ಹಗ್ಗದಂತೆ ದಪ್ಪಗಾಗಿದ್ದ ನರವನ್ನು ಹುಡುಕಿದಳು. "ಕಣ್ಣು ಮುಚ್ಚು. ನಾನು ಮುಟ್ಟಿದ ಕಡೆ ಬೆರಳಿಟ್ಟು ತೋರ್ಸು," ಅಂದು ಹತ್ತಿಯ ಎಳೆ ತೆಗೆದುಕೊಂಡಳು. ಇಕ್ಕಳದಕ್ಕ ಕಣ್ಣು ಮುಚ್ಚಿ ಕಾದಳು. ಕಾದಳು, ಕಾದಳು. ಕಣ್ಣು ಬಿಟ್ಟಾಗ ಹತ್ತಿ ಅವಳ ಬೆರಳ ಮೇಲೇ ಇತ್ತು.

"ಕುಷ್ಠ," ಅಂದಳು ಸಿಸ್ಟರ್. ಸುತ್ತಿಬಳಸಲಿಲ್ಲ. "ಅಳೋದಾದ್ರೆ ಈಗ್ಲೇ ಅತ್ಕೋ, ಆಮೇಲೆ ನಾನು ಹೇಳೋದು ಕೇಳು. ಇದಕ್ಕೆ ಮಾತ್ರೆ ಇದೆ. ಒಂದು ವರ್ಷ ನುಂಗಬೇಕು. ಶುರು ಮಾಡಿದ ಸ್ವಲ್ಪ ದಿನಕ್ಕೇ ನಿನ್ನಿಂದ ಯಾರಿಗೂ ಅಂಟಲ್ಲ."

"ನನ್ನ ಕೈ ಪಳಗಿದೆ ಅಂತ..."

"ಪಳಗೋದೂ ಇಲ್ಲ, ಮಣ್ಣೂ ಇಲ್ಲ. ನೋಡಮ್ಮ, ಈ ರೋಗದ ಹುಳ ಮಹಾ ಸೋಮಾರಿ. ನೂರು ಜನದ ಮೈಗೆ ಹೊಕ್ಕರೆ ತೊಂಬತ್ತೈದು ಜನಕ್ಕೆ ಏನೂ ಆಗಲ್ಲ, ಅವರ ಮೈಯೇ ಅದನ್ನ ಮುಗಿಸಿಬಿಡುತ್ತೆ. ನಿನ್ನ ಮೈಗೆ ಅದು ಆಗ್ಲಿಲ್ಲ. ಆದ್ರೂ ಸುಮ್ನೆ ಬಿಡ್ಲಿಲ್ಲ, ಹುಳದ ಮೇಲೆ ಬಿದ್ದು ಬಡಿದಾಡಿದೆ. ಹುಳ ಮನೆ ಮಾಡಿದ್ದು ನರದೊಳಗೆ. ಬಡಿದಾಟ ಅಲ್ಲೇ ಆಯ್ತು. ನರ ಸತ್ತೋಯ್ತು."

"ಈ ಗಾಯ?"

"ಗಾಯ ರೋಗದ್ದಲ್ಲ, ನಿನ್ನ ಕೆಲಸದ್ದು. ನನಗೆ ಸುಟ್ಟರೆ ಕೈ ಎಳ್ಕೋತೀನಿ. ಗಾಯ ಆದ್ರೆ ಆ ಕೈಲಿ ಏನೂ ಮುಟ್ಟಲ್ಲ, ನೋವೇ ಮುಟ್ಟಕ್ಕೆ ಬಿಡಲ್ಲ. ನೀನು ಗಾಯದ ಮೇಲೇ ದಿನಾ ಸಾವಿರ ಚಾದರ ಎಳ್ದಿದೀಯ. ಬಿಡುವು ಕೊಡು, ನಿನ್ನ ಮಾಂಸಾನೂ ಎಲ್ಲರ ಮಾಂಸದ ಹಾಗೇ ಕೂಡ್ಕೊಳ್ಳುತ್ತೆ."

"ಕೈಗೆ ಮತ್ತೆ ಗೊತ್ತಾಗುತ್ತಾ?"

ಸಿಸ್ಟರ್ ಬ್ಯಾಂಡೇಜ್ ಸುತ್ತುವುದನ್ನು ನಿಲ್ಲಿಸಿದಳು. "ನರ ಜಡವಾಗೋಕೆ ಶುರುವಾಗಿ ಆರು ತಿಂಗಳೊಳಗೆ ಬಂದ್ರೆ ಬಹಳ ಸಲ ವಾಪಸ್ ತರಿಸ್ಬಹುದು. ನೀನು ಬಂದಿರೋದು ಆರು ವರ್ಷಕ್ಕೆ." ಆಮೇಲೆ ಅಂದಳು, "ಜೊತೇಲಿ ಯಾರಿದಾರೆ? ಅವರನ್ನ ಕರ್ಕೊಂಡು ಬಾ. ಪರೀಕ್ಷೆ ಆಗ್ಲೇಬೇಕು."

ಅವತ್ತೇ ಸಂಜೆ ಕಂಪನಿ ಅವಳನ್ನು ಹೊರಗೆ ಹಾಕಿತು. ಅವಳು ನೀರು ಕುಡಿಯುತ್ತಿದ್ದ ಲೋಟವನ್ನು ಕಸಕ್ಕೆಸೆದರು. ಕೋಣೆಗೆ ಬಂದು ನಾದಿನಿಗೆ ಎಲ್ಲ ಹೇಳಿ, ನಾಳೆ ಪರೀಕ್ಷೆಗೆ ಹೋಗೋಣ ಅಂದಳು. ನಾದಿನಿ ಬಟ್ಟೆ ತುಂಬಿಕೊಂಡಳು. ಕೆಲಸದವರ ಜೊತೆ ಬೇರೆ ಕೋಣೆ ಮಾಡುತ್ತೇನೆ, ಇಲ್ಲಿ ಜಾಗ ಸಾಲದು ಅಂದಳು. ಅಣ್ಣ ಇದ್ದಾಗ ಮೂವರಿಗೆ ಸಾಕಾಗಿದ್ದ ಜಾಗ ಇಬ್ಬರಿಗೆ ಸಾಲದೇ ಹೋಯಿತು. "ಪರೀಕ್ಷೆ ಮಾಡಿಸ್ಕೊಳ್ಳೇ ಪುಟ್ಟಿ," ಅಂತ ಇವಳು ಬಾಗಿಲವರೆಗೂ ಬೇಡಿಕೊಂಡಳು. "ಮಾಡಿಸ್ಕೊಂಡ್ರೆ ನನ್ನನ್ನೂ ಹೊರಗೆ ಹಾಕ್ತಾರೆ. ಏನೂ ಇಲ್ಲ ನನಗೆ. ಸುಮ್ನಿರು," ಅಂದವಳು ತಿರುಗಿ ನೋಡದೆ ಹೋದಳು. ಎಂಟು ವರ್ಷ ಒಂದೇ ಚಾಪೆಯಲ್ಲಿ ಮಲಗಿದ್ದವಳು!

ಏಳು ವಾರಕ್ಕೆ ಗಾಯ ಮುಚ್ಚಿತು. ಪಟ್ಟಿ ಕಟ್ಟಿ ಕೈಗೆ ಬಿಡುವು ಕೊಟ್ಟದ್ದೊಂದೇ ಔಷಧ. ಸಿಸ್ಟರ್ ಹೇಳಿಕೊಟ್ಟಂತೆ ಅವಳು ದಿನಾ ಸಂಜೆ ಕೈಯನ್ನು ನೀರಲ್ಲಿ ನೆನೆಸಿ, ಬೆಳಕಿಗೆ ಹಿಡಿದು, ಒಂದೊಂದು ಬೆರಳನ್ನೂ ಕಣ್ಣಿನಿಂದ ನೋಡಿ ಕೇಳುತ್ತಿದ್ದಳು: ಇವತ್ತು ಏನಾಯಿತು ನಿನಗೆ? ತಾನಾಗಿ ಹೇಳಲಾರದ ಕೈ ಅದು. ಕಿರುಬೆರಳೂ ಅದರ ಪಕ್ಕದ್ದೂ ಮಡಿಚಿಕೊಂಡೇ ಉಳಿದವು. ಐದು ತಿಂಗಳಾದ ಮೇಲೆ ಆಸ್ಪತ್ರೆಯವರು ಕಾಗದ ಬರೆದುಕೊಟ್ಟರು. ಇವಳಿಂದ ಯಾರಿಗೂ ಅಪಾಯವಿಲ್ಲ, ಬಿಸಿ ಮುಟ್ಟದ ಯಾವ ಕೆಲಸವನ್ನಾದರೂ ಕೊಡಬಹುದು ಅಂತ. ಆ ಕಾಗದ ಈಗ ಮ್ಯಾನೇಜರ್ ಮೇಜಿನ ಮೇಲಿತ್ತು. ಅದರ ಮೇಲೆ ಅವನು ಟೀ ಲೋಟ ಇಟ್ಟಿದ್ದ.

"ಕೇಳಿದ್ಯಲ್ಲ? ಒತ್ತು ಈಗ," ಅಂದ ಮೇಸ್ತ್ರಿ.

ಇಕ್ಕಳದಕ್ಕ ಹೆಬ್ಬೆರಳನ್ನು ಎತ್ತಿ ಹಿಡಿದಳು. "ಯಾವುದನ್ನ? ಇದನ್ನಾ?"

"ಮತ್ತಿನ್ಯಾವುದನ್ನ!"

"ಒಂದು ವರ್ಷ ಇದು ನಿಮ್ಮ ಬಾಗಿಲಿಗೆ ಬೆರಳೇ ಅಲ್ಲ. ಇವತ್ತು ನಿಮ್ಮ ಕಾಗದಕ್ಕೆ ಬೆರಳಾಯ್ತಾ? ಇದ್ರಲ್ಲಿ ಗೆರೆ ಇಲ್ಲ ಸಾರ್. ನಿಮ್ಮ ರೋಲರ್ ತಿಂದ್ಕೊಂಡಿದೆ. ಬೇಕಾದ್ರೆ ಅದರ ಹತ್ರಾನೇ ಒತ್ತಿಸ್ಕೊಳ್ಳಿ."

ಮ್ಯಾನೇಜರ್ ಕರವಸ್ತ್ರ ಇಳಿಸಿದ. "ಸಹಿ ಬರುತ್ತಾ ನಿನಗೆ?"

"ಬರುತ್ತೆ."

"ಹಾಗಾದ್ರೆ ಸಹಿ ಹಾಕು."

"ಹಾಕಲ್ಲ."

ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಹನ್ನೊಂದು ವರ್ಷದಲ್ಲಿ ಆ ಕಂಪನಿಯಲ್ಲಿ ಅವಳು ಆಡಿದ ಮೊದಲ ಇಲ್ಲ ಅದು. ಆದರೂ ಬಾಯಿ ನಿಲ್ಲಲಿಲ್ಲ.

"ಬೇರೆ ಕಾಗದ ತಗೊಳ್ಳಿ, ನಾನು ಹೇಳ್ತೀನಿ, ನೀವು ಬರ್ಕೊಳ್ಳಿ. ಈ ಕೈಗೆ ಬಿಸಿ ಗೊತ್ತಾಗಲ್ಲ ಅಂತ ಮೇಸ್ತ್ರಿಗೆ ಗೊತ್ತಿತ್ತು. ಡಾಕ್ಟ್ರಿಗೆ ಗೊತ್ತಿತ್ತು. ನಿಮಗೂ ಗೊತ್ತಿತ್ತು, ನೀವೂ ಚಪ್ಪಾಳೆ ತಟ್ಟಿದೀರ. ಗೊತ್ತಿದ್ದಕ್ಕೇ ಬಿಸಿ ಜಾಗದಲ್ಲಿ ನಿಲ್ಲಿಸಿದ್ರಿ. ಬರೀರಿ. ಅದಕ್ಕೆ ಹತ್ತು ಬೆರಳೂ ಒತ್ತುತ್ತೀನಿ, ಸಹೀನೂ ಹಾಕ್ತೀನಿ."

"ಕೊಬ್ಬು ನೋಡಿ ಸಾರ್ ಇವಳದು! ಮೈ ಕೊಳೆತ್ರೂ ನಾಲಿಗೆ ಕೊಳೆತಿಲ್ಲ," ಅಂದ ಮೇಸ್ತ್ರಿ.

ಮ್ಯಾನೇಜರ್ ಅವನನ್ನು ಸುಮ್ಮನಿರಿಸಿದ. ಇವನು ಬುದ್ಧಿವಂತ. ಮತ್ತೆ ಬೆಣ್ಣೆಯ ಮಾತು ತೆಗೆದ. "ನಿನ್ನ ಕಥೆ ಮುಗೀತಮ್ಮ. ನಿನ್ನ ನಾದಿನಿ ಬಗ್ಗೆ ಯೋಚ್ನೆ ಮಾಡು. ಒಳ್ಳೇ ಕೆಲಸಗಾತಿ. ನಿನ್ನ ಜಾಗದಲ್ಲಿ ಅವಳನ್ನೇ ನಿಲ್ಸಿದೀವಿ. ನಾಲ್ಕೇ ತಿಂಗಳು ನೋಡು, ಕೈ ಪಳಗಿಬಿಟ್ಟಿದೆ. ಮೊನ್ನೆ ರೋಲರ್ ಹಿಡ್ಕೊಂಡ್ರೂ ಹಾ ಅನ್ಲಿಲ್ಲ. ನಿನಗಿಂತ ಚುರುಕು ಅಂತಾನೆ ಮೇಸ್ತ್ರಿ. ಅಂಥವಳ ಹೊಟ್ಟೆ ಮೇಲೆ ಹೊಡೀತೀಯಾ?"

ಇಕ್ಕಳದಕ್ಕನ ಕಿವಿಗೆ ಮುಂದಿನದು ಕೇಳಿಸಲಿಲ್ಲ. ನಾಲ್ಕು ತಿಂಗಳು. ತನಗೆ ಐದು ವರ್ಷ ಹಿಡಿದಿತ್ತು. ಬೆಳಿಗ್ಗೆ ಏಪ್ರನ್ ಜೇಬಿನಿಂದ ಹೊರಗೆ ಬರದ ಎರಡು ಕೈ ಕಣ್ಣಮುಂದೆ ಬಂದವು. ಕಾಗದವೂ ಬೇಡ, ಕೆಲಸವೂ ಬೇಡ, ನನ್ನ ಪುಟ್ಟಿಯ ಕೈ! ಅವಳು ತಿರುಗಿ ಮೆಟ್ಟಿಲಿಳಿದು ಓಡಿದಳು.

"ಏಯ್! ಎಲ್ಲಿಗೇ? ಹಿಡೀರೋ ಅವಳನ್ನ!" ಮೇಸ್ತ್ರಿ ಕೂಗುತ್ತಾ ಹಿಂದೆ ಬಂದ.

ಹಾಜರಿ ಬಾಗಿಲು ತೆರೆದೇ ಇತ್ತು. ಯಾರೋ ಚಾದರದ ಗಾಡಿ ತಳ್ಳಿಕೊಂಡು ಒಳಗೆ ಹೋಗುತ್ತಿದ್ದರು. ಅವರ ಹಿಂದೆಯೇ ನುಗ್ಗಿದಳು. ಅದೇ ಹಬೆ, ಅದೇ ಸೋಡಾದ ಘಾಟು, ಅದೇ ಗಡಗಡ ಸದ್ದು. ರೋಲರಿನ ಹಿಂದೆ ನಾದಿನಿ ನಿಂತಿದ್ದಳು. ಬರಿಗೈಯಲ್ಲಿ ಅಂಚು ಬಿಡಿಸಿ ಎಳೆಯುತ್ತಿದ್ದಳು. ಮುಖ ಒಂದಿಷ್ಟೂ ಸಿಂಡರಿಸುತ್ತಿರಲಿಲ್ಲ. ಇಕ್ಕಳದಕ್ಕ ನೇರ ಹೋಗಿ ಗೋಡೆಯ ಕೆಂಪು ಗುಂಡಿಯನ್ನು ಗುದ್ದಿದಳು.

ರೋಲರ್ ಉಸ್ ಅಂತ ನಿಂತಿತು. ಹನ್ನೊಂದು ಹೆಂಗಸರು ತಿರುಗಿ ನೋಡಿದರು. ಆ ಕೋಣೆಯಲ್ಲಿ ಕೆಲಸದ ಹೊತ್ತಿನಲ್ಲಿ ಅಷ್ಟು ಸದ್ದಡಗಿದ್ದನ್ನು ಅವರಲ್ಲಿ ಯಾರೂ ಕೇಳಿರಲಿಲ್ಲ.

"ಎಳೆದು ಹಾಕ್ರೋ ಆಚೆಗೆ!" ಮೇಸ್ತ್ರಿ ಇಬ್ಬರು ಗಾರ್ಡುಗಳ ಜೊತೆ ಬಂದಿದ್ದ. ಗಾರ್ಡುಗಳು ಎರಡು ಹೆಜ್ಜೆ ಮುಂದೆ ಬಂದರು, ನಿಂತರು. ಒಬ್ಬ ಇನ್ನೊಬ್ಬನ ಮುಖ ನೋಡಿದ.

ಇಕ್ಕಳದಕ್ಕನಿಗೆ ನಗು ಬಂತು. ಕೆಟ್ಟ ನಗು. ಎರಡೂ ತೋಳು ಚಾಚಿದಳು. "ಬನ್ರಪ್ಪ, ಎಳೀರಿ. ಯಾಕೆ ನಿಂತ್ರಿ? ಮುಟ್ಬೇಕಲ್ಲ ಎಳೆಯೋದಕ್ಕೆ? ಮೇಸ್ತ್ರಿ, ನೀನೇ ಬಾ. ನನ್ನ ಕೈ ಹಿಡಿದು ಬಂದ ಸಾಹೇಬ್ರಿಗೆಲ್ಲ ತೋರಿಸ್ತಿದ್ದೆಯಲ್ಲ, ಬಾ!"

ಯಾರೂ ಬರಲಿಲ್ಲ. ಐದು ತಿಂಗಳು ಅವಳನ್ನು ಅಳಿಸಿದ್ದ ಅಸಹ್ಯವೇ ಈಗ ಅವಳ ಸುತ್ತ ಬೇಲಿ ಹಾಕಿತ್ತು. ಅವಳು ಚೀಲದಿಂದ ಗಾಯಕ್ಕೆ ಇಡುವ ಹತ್ತಿ ತೆಗೆದು, ಒಂದೆಳೆ ಹಿರಿದು, ತುದಿಯನ್ನು ಹೊಸೆದಳು.

"ಈ ಜಾಗದಲ್ಲಿ ಕೈ ಪಳಗುತ್ತೆ ಅಂತ ಹೇಳ್ಕೊಟ್ಟಿದಾರಲ್ಲ, ಅದು ಸುಳ್ಳು ಕಣ್ರೇ. ಕೈ ಪಳಗಲ್ಲ. ಸಾಯುತ್ತೆ. ನನ್ನದು ಸತ್ತಿದೆ. ನಿಮ್ಮದು ನೋಡ್ಬೇಕು. ಕಣ್ಣು ಮುಚ್ಚಿ, ಮುಟ್ಟಿದ ಕಡೆ ತೋರ್ಸಿ, ಅಷ್ಟೇ. ಯಾರು ಬರ್ತೀರಿ?"

ಹೆಂಗಸರು ಅಲುಗಲಿಲ್ಲ. ಅವಳ ಲೋಟ ಎಸೆದಾಗ ನೋಡಿಕೊಂಡು ಸುಮ್ಮನಿದ್ದವರು ಇವರೇ. ಅದನ್ನು ಅವಳು ಮರೆತಿರಲಿಲ್ಲ.

"ನಾನು ಬರ್ತೀನಿ," ಅಂದಳು ದೊಡ್ಡಮ್ಮ. ಮಡಿಸುವ ಮೇಜಿನಿಂದ ಕುಂಟುತ್ತ ಬಂದು, ಮೇಸ್ತ್ರಿಯನ್ನು ದಾಟಿಕೊಂಡು, ಚಾದರದ ಗಂಟಿನ ಮೇಲೆ ಕೂತು, ಒರಟು ಕಲ್ಲಿನಂಥ ಎರಡೂ ಕೈ ಚಾಚಿದಳು. "ನನಗಿಂತ ಪಳಗಿದ ಕೈ ಇಲ್ಯಾರದಿದೆ? ಮೂವತ್ತು ವರ್ಷ. ಹತ್ತಿಯಂತೆ ಹತ್ತಿ. ಕೆಂಡ ಇಟ್ರೂ ಗೊತ್ತಾಗಲ್ಲ ನನಗೆ." ಕಣ್ಣು ಮುಚ್ಚಿದಳು.

ಹತ್ತಿ ಹೆಬ್ಬೆರಳಿಗೆ ತಾಕಿತು. "ಇಲ್ಲಿ," ಅಂದಳು ದೊಡ್ಡಮ್ಮ. ಕಿರುಬೆರಳು. "ಇಲ್ಲಿ." ಅಂಗೈ ಅಂಚು. "ಇಲ್ಲಿ. ಕಚಗುಳಿ ಇಡ್ಬೇಡ್ವೇ." ಆಮೇಲೆ ತಾನೇ ಕಣ್ಣು ಬಿಟ್ಟಳು. ಹತ್ತಿಯ ಎಳೆಯನ್ನೂ ತನ್ನ ಕೈಯನ್ನೂ ನೋಡಿದಳು.

"ಮೂವತ್ತು ವರ್ಷ ಆದ್ರೂ ನನ್ನ ಕೈಗೆ ಗೊತ್ತಾಗುತ್ತೆ," ಅಂದಳು ಮೆಲ್ಲಗೆ. "ದಿನಾ ಸುಡುತ್ತೆ ನನಗೆ. ಸುಡಲ್ಲ ಅಂತ ಸುಳ್ಳು ಹೇಳ್ಕೊಂಡು ಬಂದೆ. ನಿಮಗೆಲ್ಲ ಅದನ್ನೇ ಹೇಳಿಕೊಟ್ಟೆ."

ಅಲ್ಲಿಂದ ಮುಂದೆ ಒಬ್ಬೊಬ್ಬರೇ ಬಂದರು. ಇಲ್ಲಿ, ಇಲ್ಲಿ, ಇಲ್ಲಿ ಅಂದರು. ಬೊಬ್ಬೆಯೆದ್ದ ಕೈಗಳು, ಸಿಪ್ಪೆ ಸುಲಿದ ಬೆರಳುಗಳು. ಎಲ್ಲಕ್ಕೂ ಹತ್ತಿ ಗೊತ್ತಾಗುತ್ತಿತ್ತು. ಒಬ್ಬಳು ಅತ್ತುಬಿಟ್ಟಳು. "ನನಗೂ ಸುಡುತ್ತೆ ಅಕ್ಕ. ನನ್ನೊಬ್ಬಳಿಗೇ ಅಂದ್ಕೊಂಡಿದ್ದೆ," ಅಂದಳು.

"ಸಾಕು ನಾಟ್ಕ! ಯಂತ್ರ ಹಾಕ್ರೇ!" ಮೇಸ್ತ್ರಿ ಕಿರುಚಿದ. "ಮೇಲೆ ಆಪರೇಷನ್ ಕೋಣೇಗೆ ಚಾದರ ಇಲ್ಲ! ಹಾಕ್ತೀರೋ ಇಲ್ವೋ?"

ದೊಡ್ಡಮ್ಮ ಹೋಗಿ ಕೆಂಪು ಗುಂಡಿಗೆ ಬೆನ್ನು ಕೊಟ್ಟು ನಿಂತಳು. ಇನ್ನಿಬ್ಬರು ಅವಳ ಅಕ್ಕಪಕ್ಕ ನಿಂತರು. ಮೊಳೆಗೆ ನೇತಾಡುತ್ತಿದ್ದ ಕೈಗವಸನ್ನು ಒಬ್ಬಳು ಕಿತ್ತು ಮೇಸ್ತ್ರಿಯ ಕಾಲಬಳಿ ಎಸೆದಳು. "ನೀನೇ ಹಾಕ್ಕೊಂಡು ಎಳಿ," ಅಂದಳು.

ಉಳಿದವಳು ನಾದಿನಿ. ರೋಲರಿನ ಹಿಂದೆಯೇ ನಿಂತಿದ್ದಳು. ಕೈ ಜೇಬಿನೊಳಗೆ.

"ಬಾ ಪುಟ್ಟಿ."

"ನಾನು ಬರಲ್ಲ. ನನಗೇನೂ ಇಲ್ಲ."

"ಇಲ್ದಿದ್ರೆ ಇಲ್ಲ ಅಂತ ಗೊತ್ತಾಗ್ಲಿ. ಬಾರೇ."

"ನನ್ನ ಕೆಲಸ ಕಳೀಬೇಕು ಅಂತಾನೇ ಬಂದಿದೀಯ ನೀನು. ಹೊಟ್ಟೆಕಿಚ್ಚು ನಿನಗೆ. ನಿನ್ನ ಜಾಗ ನನಗೆ ಸಿಕ್ತಲ್ಲ ಅಂತ!"

ಆ ಮಾತು ಎದೆಗೆ ನಾಟಿತು. ಇಕ್ಕಳದಕ್ಕ ಹತ್ತಿರ ಹೋಗಿ ಚಾದರದ ಗಂಟಿನ ಮೇಲೆ ಕೂತು ಕಾದಳು. ದೊಡ್ಡಮ್ಮ ಗೋಡೆಯ ಹತ್ತಿರದಿಂದಲೇ, "ತೋರ್ಸವ್ವ. ನಾವೆಲ್ಲ ತೋರಿಸಿದ್ವಲ್ಲ," ಅಂದಳು. ನಾದಿನಿ ಎಲ್ಲರ ಮುಖವನ್ನೂ ನೋಡಿದಳು. ಆಮೇಲೆ ಸೋತವಳಂತೆ ಎದುರಿಗೆ ಕೂತು, ಜೇಬಿನಿಂದ ಬಲಗೈ ತೆಗೆದಳು. ಬೆರಳ ಸಂದಿಯಲ್ಲಿ ಬೊಬ್ಬೆ ಒಡೆದು ಹಸಿಯಾಗಿತ್ತು. ಅದನ್ನು ಅವಳು ಜೇಬಿನ ಬಟ್ಟೆಗೆ ಉಜ್ಜುತ್ತಲೇ ಇದ್ದಿರಬೇಕು.

"ಕಣ್ಣು ಮುಚ್ಕೋ."

ಐದು ತಿಂಗಳ ಮೇಲೆ ಇಕ್ಕಳದಕ್ಕ ಆ ಕೈಯನ್ನು ತನ್ನ ಕೈಯಲ್ಲಿ ಹಿಡಿದಳು. ಅದರ ಬಿಸುಪು ಅವಳಿಗೆ ತಿಳಿಯಲಿಲ್ಲ, ಕಣ್ಣಿನಿಂದಷ್ಟೇ ಕಂಡಳು. ಹತ್ತಿ ಹೆಬ್ಬೆರಳಿಗೆ ತಾಕಿತು.

"ಇಲ್ಲಿ," ಅಂದಳು ನಾದಿನಿ. ತುಟಿಯಂಚಿನಲ್ಲಿ ಸಣ್ಣ ನಗು ಬಂತು. "ನೋಡ್ದ್ಯಾ?"

ತೋರುಬೆರಳು. "ಇಲ್ಲಿ."

ನಡುಬೆರಳು. "ಇಲ್ಲಿ. ಹೇಳಿದ್ನಲ್ಲ ಅತ್ತಿಗೆ, ನನಗೇನೂ ಇಲ್ಲ ಅಂತ."

ಹತ್ತಿ ಕಿರುಬೆರಳಿಗೆ ಬಂತು. ಇಕ್ಕಳದಕ್ಕ ಒಂದು ಸಲ ಮುಟ್ಟಿಸಿದಳು. ಕಾದಳು. ಇನ್ನೊಂದು ಸಲ. ಆಮೇಲೆ ಹತ್ತಿಯನ್ನು ಒತ್ತಿ, ಬೆರಳಿನ ಬುಡದಿಂದ ಉಗುರಿನವರೆಗೆ ಎಳೆದಳು. ಸುತ್ತ ನಿಂತವರೆಲ್ಲ ನೋಡುತ್ತಿದ್ದರು. ಮೇಸ್ತ್ರಿಯೂ ನೋಡುತ್ತಿದ್ದ.

ನಾದಿನಿ ಮಾತ್ರ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಆ ನಗುವನ್ನು ಹಾಗೇ ಇಟ್ಟುಕೊಂಡು ಕೂತಿದ್ದಳು.

"ಮುಟ್ಟು ಅತ್ತಿಗೆ," ಅಂದಳು. "ಎಷ್ಟೊತ್ತು ಕಾಯಿಸ್ತೀಯ?"